ಆಟಿಸಂನ ಗುರುತುಗಳನ್ನು ಬರೆದವರು ಯಾರು?

(ಕೊಪ್ಪಳದಲ್ಲಿ ಏಪ್ರಿಲ್ ತಿಂಗಳಲ್ಲಿ ಪಾಲಕರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಾಲಾ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಹೊರಗೆ ಬಾಗಿಲಿಗೆ ಕಟ್ಟಿರುವ ಬ್ಯಾನರ್ ನೋಡಿದ್ದೀರಿ. ಅದರಲ್ಲಿ ಆಟಿಸಂನ ಮೂರು ಗುರುತುಗಳಿವೆ. ಆಟಿಸಂ ಅಂದರೆ ಹುಟ್ಟಿನಿಂದಲೇ ಮೆದುಳು ಬೇರೆ ರೀತಿಯಲ್ಲಿ ಬೆಳೆದು, ಮಾತಾಡುವುದು, ಜನರ ಜೊತೆ ಬೆರೆಯುವುದು, ಸದ್ದು ಸ್ಪರ್ಶ ಗ್ರಹಿಸುವುದು ಬೇರೆಯಾಗಿರುವ ಸ್ಥಿತಿ. ಎಡಕ್ಕೆ ನೀಲಿ ಬಣ್ಣದ ಪಜಲ್ ತುಂಡು, ಅಂದರೆ ತುಂಡು ಜೋಡಿಸಿ ಚಿತ್ರ ಮಾಡುವ ಆಟದ ಒಂದು ತುಂಡು. ನಡುವೆ ಪಜಲ್ ತುಂಡುಗಳನ್ನೇ ಜೋಡಿಸಿದ ಬಣ್ಣಬಣ್ಣದ ರಿಬ್ಬನ್. ಬಲಕ್ಕೆ ಎಂಟನ್ನು ಅಡ್ಡ ಮಲಗಿಸಿದಂಥ ಕಾಮನಬಿಲ್ಲಿನ ಗೆರೆ. ಆಟಿಸಂ ಎಂದು ಇಂಟರ್ನೆಟ್‌ನಲ್ಲಿ ಹುಡುಕಿದರೆ ಈ ಮೂರೂ ಒಟ್ಟಿಗೇ ಸಿಗುತ್ತವೆ. ಆದರೆ ಮೂರೂ ಒಂದೇ ಮಾತು ಹೇಳುವುದಿಲ್ಲ. ಒಂದನ್ನು ಎದೆಗೆ ಚುಚ್ಚಿಕೊಳ್ಳುವವರು ಇನ್ನೊಂದನ್ನು ಕಂಡರೆ ನೊಂದುಕೊಳ್ಳುತ್ತಾರೆ. ಯಾಕೆ ಅಂತ ಇವತ್ತು ಹೇಳುತ್ತೇನೆ.

ನಾನು ಬಿಐಇಆರ್‌ಟಿ. ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕಿಗೆ ಇರುವ ಸಂಪನ್ಮೂಲ ಶಿಕ್ಷಕಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗುತ್ತೇನೆ. ಹಾಗಾಗಿ ಈ ವಿಷಯವನ್ನು ಮನೆಯೊಳಗಿನಿಂದ ನೋಡಿ ಗೊತ್ತು. ನನಗೆ ಅನಿಸಿದ್ದು ಇಷ್ಟು. ಒಂದು ಗುರುತು ಕಂಡಾಗ ಎರಡು ಪ್ರಶ್ನೆ ಕೇಳಬೇಕು. ಇದನ್ನು ಯಾರು ಬರೆದರು? ಇದನ್ನು ನೋಡಿದವರು ಏನು ಮಾಡಬೇಕು?

ಮೊದಲ ಗುರುತು ಹುಟ್ಟಿದ್ದು 1963ರಲ್ಲಿ, ಇಂಗ್ಲೆಂಡಿನಲ್ಲಿ. ಅದರ ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ಕೆಲವು ತಂದೆತಾಯಿಗಳು ಸೇರಿ ಒಂದು ಸಂಘ ಕಟ್ಟಿದ್ದರು. ಇವತ್ತಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ ಅದೇ. ಆ ಸಂಘದಲ್ಲಿದ್ದ ಜೆರಾಲ್ಡ್ ಗ್ಯಾಸನ್ ಎಂಬ ತಂದೆ ಒಂದು ಚಿತ್ರ ಬರೆದರು. ಒಂದು ಪಜಲ್ ತುಂಡು, ಅದರೊಳಗೆ ಅಳುವ ಮಗುವಿನ ಮುಖ. ಈ ಸ್ಥಿತಿ ಯಾರಿಗೂ ಬಿಡಿಸಲಾಗದ ಒಗಟು, ಈ ಮಕ್ಕಳು ಎಲ್ಲೂ ಹೊಂದಿಕೊಳ್ಳುವುದಿಲ್ಲ, ಅದರಿಂದ ನರಳುತ್ತಾರೆ. ಇದು ಆ ಚಿತ್ರದ ಅರ್ಥ.

ಇವತ್ತು ಆ ಚಿತ್ರವನ್ನು ಬೈಯುವವರು ಬಹಳ. ನನಗೂ ಅದು ಇಷ್ಟವಿಲ್ಲ. ಆದರೆ ಬರೆದ ಕಾಲವನ್ನು ಸ್ವಲ್ಪ ನೋಡಿ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದರು. ಆಟಿಸಂ ಎಂದು ಲೋಕ ಗುರುತಿಸಿದ್ದು ಹೆಚ್ಚುಕಡಿಮೆ ಅಲ್ಲಿಂದ. ಆಮೇಲಿನ ಎರಡು ದಶಕ ದೊಡ್ಡ ದೊಡ್ಡ ತಜ್ಞರು ಏನು ಹೇಳಿದರು ಗೊತ್ತಾ? ತಾಯಿಯ ಪ್ರೀತಿ ಸಾಲದ್ದಕ್ಕೆ ಮಗು ಹೀಗಾಯಿತು ಅಂದರು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ಮದರ್’, ಅಂದರೆ ಫ್ರಿಜ್ಜಿನ ಹಾಗೆ ತಣ್ಣಗಿನ ತಾಯಿ, ಎಂದು ಹೆಸರಿಟ್ಟರು. ಬ್ರೂನೋ ಬೆಟಲ್‌ಹೈಮ್ ಎಂಬಾತ 1967ರಲ್ಲೂ ಇದನ್ನೇ ಪುಸ್ತಕ ಮಾಡಿ ಹೇಳಿದ. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್, ಅವರೂ ಒಬ್ಬ ಆಟಿಸಂ ಮಗುವಿನ ತಂದೆ, ಇದು ಸಾಕಿದ ರೀತಿಯಿಂದ ಬಂದದ್ದಲ್ಲ, ಹುಟ್ಟಿನಿಂದಲೇ ಮೆದುಳು ಬೆಳೆಯುವ ರೀತಿಯಲ್ಲಿದೆ ಎಂದು ವಾದಿಸಿದರು. ಲಂಡನ್ನಿನ ಆ ಸಂಘದಲ್ಲಿ ಲೋರ್ನಾ ವಿಂಗ್ ಇದ್ದರು. ಮನೋವೈದ್ಯೆ, ಜೊತೆಗೆ ತಾಯಿ. ಆಟಿಸಂ ಒಂದೇ ಅಚ್ಚಿನದಲ್ಲ, ಅದು ವಿಶಾಲವಾದ ಸ್ಪೆಕ್ಟ್ರಮ್ ಎಂದು ಮುಂದೆ ಲೋಕಕ್ಕೆ ತೋರಿಸಿದವರು ಅವರೇ.

ಅಂದರೆ ಪಜಲ್ ತುಂಡು ಬರೆದವರು ಮಕ್ಕಳನ್ನು ಹೀಗಳೆಯಲು ಬರೆದವರಲ್ಲ. ‘ಇದು ನಮ್ಮ ತಪ್ಪಲ್ಲ, ಯಾರಿಗೂ ಗೊತ್ತಿಲ್ಲದ ವಿಷಯ ಇದು’ ಎಂದು ಹೇಳಲು ಅವರಿಗೆ ಒಂದು ದಾರಿ ಬೇಕಿತ್ತು. ಆ ಅಳು ಮಗುವಿನದಷ್ಟೇ ಅಲ್ಲ, ತಂದೆತಾಯಿಯದೂ ಹೌದು ಎಂದು ನನಗೆ ಅನಿಸುತ್ತದೆ.

ನಮ್ಮ ಕಡೆ ತಾಯಿಯನ್ನು ದೂರುವುದು ನಿಂತಿದೆಯಾ? ಇಲ್ಲ. ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳು ಅಂತಾರೆ. ಕೂಸಿನ ಕೈಗೆ ಮೊಬೈಲ್ ಕೊಟ್ಟು ಹಾಳು ಮಾಡಿದಳು ಅಂತಾರೆ. ನಾನು ಹೋಗುವ ಮನೆಯೊಂದರಲ್ಲಿ ಅತ್ತೆ ನನ್ನೆದುರೇ ಸೊಸೆಗೆ ಹೇಳಿದರು, ‘ನಮ್ಮ ಮನ್ಯಾಗ ಯಾರೂ ಹಿಂಗಿಲ್ಲ, ನಿಮ್ಮ ತವರಿಂದ ಬಂದೈತಿ’ ಅಂತ. ಆ ಸೊಸೆ ಎದ್ದು ಒಳಗೆ ಹೋದಳು. ಇಂಥ ಮನೆಗಳಲ್ಲಿ ಮಗುವಿನ ಕೊರಳಲ್ಲಿ ತಾಯತ, ಸೊಂಟಕ್ಕೆ ಅಂತ್ರ, ಹಣೆಗೆ ಭಂಡಾರ ಇರುತ್ತದೆ. ಹುಲಿಗೆಮ್ಮನಿಗೆ ಹರಕೆ ಇರುತ್ತದೆ. ನಾನು ಯಾರ ನಂಬಿಕೆಯನ್ನೂ ಕೀಳಾಗಿ ನೋಡುವುದಿಲ್ಲ. ಕಷ್ಟದಲ್ಲಿರುವ ತಾಯಿ ಎಲ್ಲಿಗೆ ಬೇಕಾದರೂ ಕೈ ಮುಗಿಯುತ್ತಾಳೆ. ಆದರೆ ತಾಯತವೂ ಒಂದು ಗುರುತೇ ಅಲ್ವಾ? ಈ ಕೂಸಿನಲ್ಲಿ ಏನೋ ಕೊರತೆ ಇದೆ, ಅದು ಹೋಗಬೇಕು ಎಂದು ಅದು ಹೇಳುತ್ತದೆ. ಅಳುವ ಮಗುವಿನ ಚಿತ್ರ ಹೇಳಿದ್ದೂ ಅದನ್ನೇ.

ಅಳುವ ಮಗು ಕಾಲಕ್ರಮದಲ್ಲಿ ಮಾಯವಾಯಿತು. ಪಜಲ್ ಉಳಿಯಿತು. 1999ರಲ್ಲಿ ಅಮೆರಿಕದ ಆಟಿಸಂ ಸೊಸೈಟಿ ಬಣ್ಣದ ಪಜಲ್ ರಿಬ್ಬನ್ ತಂದಿತು. 2005ರಲ್ಲಿ ಆಟಿಸಂ ಸ್ಪೀಕ್ಸ್ ಎಂಬ ದೊಡ್ಡ ಸಂಸ್ಥೆ ಅಲ್ಲೇ ಶುರುವಾಯಿತು. ಅದರದು ನೀಲಿ ಪಜಲ್ ತುಂಡು. 2007ರ ಡಿಸೆಂಬರ್‌ನಲ್ಲಿ ಕತಾರ್ ದೇಶ ತಂದ ನಿರ್ಣಯವನ್ನು ವಿಶ್ವಸಂಸ್ಥೆ ಒಪ್ಪಿತು. 2008ರಿಂದ ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. 2010ರಿಂದ ಆ ದಿನ ದೊಡ್ಡ ಕಟ್ಟಡಗಳಿಗೆ ನೀಲಿ ದೀಪ ಹಾಕುವುದು ರೂಢಿಯಾಯಿತು.

ನೀಲಿ ಬಣ್ಣದ ಬಗ್ಗೆ ಸ್ವಲ್ಪ ನಿಲ್ಲಬೇಕು. ಆಟಿಸಂ ಗಂಡುಮಕ್ಕಳಲ್ಲಿ ಜಾಸ್ತಿ, ಹಾಗಾಗಿ ಗಂಡುಮಕ್ಕಳ ಬಣ್ಣ ನೀಲಿ ಎಂದು ಅದಕ್ಕೆ ಕಾರಣ ಹೇಳುವವರಿದ್ದಾರೆ. ಲೆಕ್ಕದಲ್ಲಿ ಗಂಡುಮಕ್ಕಳೇ ಜಾಸ್ತಿ, ನಿಜ. ಆದರೆ ಆ ಲೆಕ್ಕದಲ್ಲಿ ಬಿಟ್ಟುಹೋದ ಹೆಣ್ಣುಮಕ್ಕಳು ಎಷ್ಟೋ ಜನ. ಹುಡುಗ ತರಗತಿಯಲ್ಲಿ ಚೀರಿದರೆ, ಓಡಿದರೆ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಹುಡುಗಿ ಮೂಲೆಯಲ್ಲಿ ಕೂತು ಒಂದೇ ಗೆರೆಯನ್ನು ಮತ್ತೆ ಮತ್ತೆ ತಿದ್ದುತ್ತಿದ್ದರೆ? ಗೆಳತಿಯರು ನಕ್ಕಾಗ ತಾನೂ ನಗುತ್ತಾ, ಅವರು ಮಾಡಿದ್ದನ್ನೇ ಮಾಡುತ್ತಾ ದಿನ ದೂಡುತ್ತಿದ್ದರೆ? ‘ಭಾಳ ಶಾಣೆ ಹುಡುಗಿರಿ, ಒಂದು ಮಾತಾಡಂಗಿಲ್ಲ’ ಎಂದು ಹೊಗಳುತ್ತೇವೆ. ಮಾತಾಡದ ಹುಡುಗಿಯನ್ನು ಹೊಗಳುವ ಊರಿನಲ್ಲಿ ಅವಳ ಕಷ್ಟ ಯಾರಿಗೆ ಕಾಣಬೇಕು? ಶಿಕ್ಷಕರಲ್ಲಿ ನನ್ನ ಬೇಡಿಕೆ, ದಯವಿಟ್ಟು ಅಂಥ ಹುಡುಗಿಯರ ಕಡೆಗೂ ಒಂದು ಕಣ್ಣಿಡಿ.

2009ರಲ್ಲಿ ಆಟಿಸಂ ಸ್ಪೀಕ್ಸ್ ಒಂದು ಕಿರುಚಿತ್ರ ಬಿಡುಗಡೆ ಮಾಡಿತು. ಅದರಲ್ಲಿ ಆಟಿಸಂ ತಾನೇ ಒಬ್ಬ ದುಷ್ಟನ ಹಾಗೆ ಮಾತಾಡುತ್ತದೆ. ನಿಮ್ಮ ಮದುವೆ ಮುರಿಯುತ್ತೇನೆ, ನಿಮ್ಮ ದುಡ್ಡು ಕಸಿಯುತ್ತೇನೆ ಎಂದು ಹೆದರಿಸುತ್ತದೆ. ಆಟಿಸಂ ಇರುವ ದೊಡ್ಡವರು ಇದನ್ನು ನೋಡಿ ಸಿಟ್ಟಾದರು. ನಮ್ಮನ್ನು ತೋರಿಸಿ ನಮ್ಮ ಮನೆಯವರನ್ನೇ ಹೆದರಿಸುತ್ತೀರಲ್ಲ ಎಂದು ಕೇಳಿದರು. ಸಂಸ್ಥೆ ಆ ಚಿತ್ರವನ್ನು ತೆಗೆದುಹಾಕಿತು. ಅದೇ ಸಂಸ್ಥೆ 2016ರಲ್ಲಿ ತನ್ನ ಗುರಿಯಿಂದ ‘ಗುಣಪಡಿಸುವುದು’ ಎಂಬ ಮಾತನ್ನೂ ತೆಗೆಯಿತು. 2020ರಲ್ಲಿ ನೀಲಿ ತುಂಡಿಗೆ ಬೇರೆ ಬಣ್ಣಗಳನ್ನೂ ಸೇರಿಸಿತು. ತುಂಡು ಮಾತ್ರ ಹಾಗೇ ಉಳಿಯಿತು.

ಈ ಬದಲಾವಣೆ ತಾನಾಗಿ ಬಂದದ್ದಲ್ಲ. 1963ರ ಮಕ್ಕಳು ಬೆಳೆದಿದ್ದರು. ಅವರಿಗೂ ಹೇಳುವುದಿತ್ತು. 1993ರಲ್ಲಿ ಕೆನಡಾದ ಟೊರಾಂಟೊದಲ್ಲಿ ಒಂದು ಸಮ್ಮೇಳನ. ಅಲ್ಲಿ ಜಿಮ್ ಸಿಂಕ್ಲೇರ್ ಎಂಬ ಆಟಿಸಂ ಇರುವ ವ್ಯಕ್ತಿ ತಂದೆತಾಯಿಗಳನ್ನೇ ಉದ್ದೇಶಿಸಿ ಮಾತಾಡಿದರು. ನಮಗಾಗಿ ಶೋಕ ಮಾಡಬೇಡಿ ಅಂದರು. ನೀವು ಕಾದಿದ್ದ ಮಗು ಬರಲಿಲ್ಲ ಎಂಬ ದುಃಖ ನಿಮಗಿರಬಹುದು, ಆದರೆ ಬಂದಿರುವ ಮಗು ನಿಮ್ಮೆದುರೇ ಇದೆ, ಅದಕ್ಕೆ ನೀವು ಬೇಕು. ಇದು ಅವರ ಮಾತಿನ ಸಾರ. ಆ ಅಳುವ ಚಿತ್ರಕ್ಕೆ ಮೂವತ್ತು ವರ್ಷದ ನಂತರ ಕೊಟ್ಟ ಉತ್ತರದ ಹಾಗೆ ಇದು ನನಗೆ ಕೇಳಿಸುತ್ತದೆ.

ಬಲಗಡೆಯ ಗುರುತು ಹುಟ್ಟಿದ್ದು ಇಂಥವರಿಂದಲೇ. 2005ರ ಜೂನ್ 18ರಂದು ಆಸ್ಪೀಸ್ ಫಾರ್ ಫ್ರೀಡಂ ಎಂಬ ಗುಂಪು ಮೊದಲ ಆಟಿಸ್ಟಿಕ್ ಪ್ರೈಡ್ ದಿನ, ಅಂದರೆ ಆಟಿಸಂ ಇರುವವರ ಹೆಮ್ಮೆಯ ದಿನ, ಆಚರಿಸಿತು. ಆ ಗುಂಪಿನ ಅತಿ ಕಿರಿಯ ಸದಸ್ಯರ ಹುಟ್ಟುಹಬ್ಬ ಅಂದು ಎಂಬ ಕಾರಣಕ್ಕೆ ಆ ದಿನವನ್ನು ಆರಿಸಿದರಂತೆ. ಅವರ ಗುರುತು ಕಾಮನಬಿಲ್ಲಿನ ಬಣ್ಣದ ಅನಂತ ಚಿಹ್ನೆ. ಕೊನೆಯಿಲ್ಲದ ಬಗೆಗಳು, ಕೊನೆಯಿಲ್ಲದ ಸಾಧ್ಯತೆಗಳು ಎಂದು ಅರ್ಥ. ಬರೀ ಬಂಗಾರದ ಬಣ್ಣದಲ್ಲೂ ಅದನ್ನು ಹಾಕುತ್ತಾರೆ. ರಸಾಯನಶಾಸ್ತ್ರದಲ್ಲಿ ಬಂಗಾರಕ್ಕೆ ‘ಎಯು’ ಎಂದು ಬರೆಯುತ್ತಾರೆ, ಇಂಗ್ಲಿಷಿನ ಆಟಿಸಂ ಶುರುವಾಗುವುದೂ ಅದೇ ಎರಡು ಅಕ್ಷರದಿಂದ. ಪಜಲ್ ಮತ್ತು ಅನಂತ ಚಿಹ್ನೆಯ ನಡುವೆ ಇರುವುದು ಅಂದಚೆಂದದ ಜಗಳವಲ್ಲ. ಒಂದನ್ನು ಮಗುವನ್ನು ಹೊರಗಿನಿಂದ ನೋಡಿದವರು ಬರೆದರು. ಇನ್ನೊಂದನ್ನು ಒಳಗಿದ್ದವರು ಬರೆದರು.

ಪಜಲ್ ತುಂಡಿನಿಂದ ಏನು ನಷ್ಟ, ಸುಮ್ನೆ ಒಂದು ಚಿತ್ರ ತಾನೇ ಎಂದು ಕೇಳಬಹುದು. ಅಮೆರಿಕದ ಮಾರ್ಟನ್ ಗರ್ನ್ಸ್‌ಬಾಕರ್ ಮತ್ತು ಸಂಗಡಿಗರು ಸುಮಾರು 400 ಜನರನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿದರು. ಪಜಲ್ ತುಂಡು ಕಂಡರೆ ಜನರ ಮನಸ್ಸು ಅಪೂರ್ಣ, ದೋಷ, ವಿಚಿತ್ರ ಎಂಬ ಭಾವನೆಗಳ ಕಡೆಗೇ ವಾಲುತ್ತದೆ ಎಂದು ಕಂಡುಬಂತು. ‘ಆಟಿಸಂ’ ಎಂಬ ಹೆಸರಿನ ಸಂಶೋಧನಾ ಪತ್ರಿಕೆ 2018ರಲ್ಲಿ ತನ್ನ ಮುಖಪುಟದಿಂದ ಪಜಲ್ ತುಂಡನ್ನು ತೆಗೆದುಹಾಕಿತು. ಏಪ್ರಿಲ್ ತಿಂಗಳನ್ನು ಜಾಗೃತಿಯ ತಿಂಗಳು ಎನ್ನುವ ಬದಲು ಸ್ವೀಕಾರದ ತಿಂಗಳು ಎಂದು ಕರೆಯಬೇಕೆಂದು ಆಟಿಸಂ ಇರುವವರು 2011ರಿಂದಲೇ ಹೇಳುತ್ತಾ ಬಂದಿದ್ದರು. 2021ರಲ್ಲಿ ಅಮೆರಿಕದ ಆಟಿಸಂ ಸೊಸೈಟಿಯೂ ಅದನ್ನು ಒಪ್ಪಿಕೊಂಡಿತು.

ಇಷ್ಟು ಹೇಳಿದರೆ ಅನಂತ ಚಿಹ್ನೆ ಗೆದ್ದಿತು, ಕಥೆ ಮುಗಿಯಿತು ಅನಿಸಬಹುದು. ನನಗೆ ಹಾಗೆ ಹೇಳಲು ಆಗುವುದಿಲ್ಲ. ಇಲ್ಲಿ ಕೂತಿರುವ ತಾಯಂದಿರಲ್ಲೇ ಒಬ್ಬರು ಹಿಂದೊಮ್ಮೆ ನನಗೆ ಹೇಳಿದ್ದರು. ಅವರ ಮಗ ದೊಡ್ಡವನಾಗಿದ್ದಾನೆ. ಮಾತಿಲ್ಲ. ಸಿಟ್ಟು ಬಂದರೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ‘ಹೆಮ್ಮೆ ಪಡ್ರಿ ಅಂತೀರಿ ಅಕ್ಕೋರ, ಪಡೋಣ. ಆದ್ರ ರಾತ್ರಿ ಅವನು ಮಲಗಂಗಿಲ್ಲ, ನಾನೂ ಮಲಗಂಗಿಲ್ಲ. ನಾನು ಸತ್ತಮ್ಯಾಲ ಇವನ್ನ ಯಾರು ನೋಡ್ತಾರ?’ ಈ ಮಾತಿಗೆ ಯಾವ ಬಣ್ಣದ ಗೆರೆಯೂ ಉತ್ತರವಲ್ಲ. ಇಂಥವರ ಆತಂಕ ಲೋಕದ ಎಲ್ಲ ಕಡೆ ಇದೆ. 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ದಿನವಿಡೀ ಆರೈಕೆ ಬೇಕಾದವರಿಗಾಗಿ ‘ಪ್ರೊಫೌಂಡ್ ಆಟಿಸಂ’ (ತೀವ್ರ ಆಟಿಸಂ) ಎಂಬ ಹೆಸರನ್ನು ಮುಂದಿಟ್ಟಿತು. ಅದನ್ನು ಒಪ್ಪಿದವರೂ ಇದ್ದಾರೆ, ಬೇಡ ಎಂದವರೂ ಇದ್ದಾರೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ಮಗುವನ್ನು ಒಪ್ಪಿಕೊಳ್ಳುವುದು ಅಂದರೆ ಕಷ್ಟ ಇಲ್ಲ ಅನ್ನುವುದಲ್ಲ. ಆ ಹುಡುಗ ಕೈ ಕಚ್ಚಿಕೊಂಡಾಗ ಅವನಿಗೆ ಏನೋ ನೋವಿದೆ. ಹಲ್ಲು ನೋವಿರಬಹುದು, ಹೊಟ್ಟೆ ಕಟ್ಟಿರಬಹುದು, ಮಿಕ್ಸಿಯ ಸದ್ದು ಕಿವಿ ಇರಿಯುತ್ತಿರಬಹುದು. ‘ಇದು ಇವನ ಹಠ’ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ‘ಇವನು ಏನೋ ಹೇಳುತ್ತಿದ್ದಾನೆ’ ಅಂದುಕೊಂಡರೆ ಹುಡುಕಲು ಶುರು ಮಾಡುತ್ತೇವೆ. ತಾಯಿಗೆ ನಿದ್ದೆ ಬೇಕು, ಮಗನಿಗೆ ವೈದ್ಯರು ಬೇಕು, ಅಮ್ಮನ ನಂತರ ನೋಡಿಕೊಳ್ಳುವವರು ಬೇಕು. ಇವೆಲ್ಲ ಸಿಗುವವರೆಗೆ ಕೆಲಸ ಮುಗಿಯುವುದಿಲ್ಲ.

ನಮ್ಮ ದೇಶದ ಕಾನೂನಿಗೆ ಬರುತ್ತೇನೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಲ್ಲಿ ಮೊದಲು ಬಂತು. ಹದಿನೆಂಟು ತುಂಬಿದ ಮೇಲೆ ಪಾಲಕತ್ವ ಯಾರಿಗೆ ಎಂದು ತೀರ್ಮಾನಿಸುವ ಜಿಲ್ಲಾ ಸಮಿತಿ, ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಇವು ಅದರಡಿ ಇರುವಂಥವು. ಆ ತಾಯಿಯ ಪ್ರಶ್ನೆಗೆ ಇವು ಪೂರ್ತಿ ಉತ್ತರವಲ್ಲ, ಆದರೂ ಅರ್ಜಿ ಹಾಕಿ. 2016ರ ಹೊಸ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಆಟಿಸಂ ಇದೆ. ಪ್ರಮಾಣಪತ್ರಕ್ಕೆ ಐಸಾ ಎಂಬ ಮಾಪನ ಬಳಸುತ್ತಾರೆ. ಅದರಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ ಎಂದು ಲೆಕ್ಕ. ಹೀಗೆ ಸಿಗುವ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಅದು ಕೂಡ ಒಂದು ಗುರುತು. ಸರ್ಕಾರ ಕೊಡುವ ಗುರುತು. ಬಹಳ ತಂದೆತಾಯಿ ಅದನ್ನು ಮಾಡಿಸಲು ಹಿಂಜರಿಯುತ್ತಾರೆ, ನಾಳೆ ಅಕ್ಕತಂಗಿಯರ ಮದುವೆಗೆ ತೊಡಕಾದೀತು ಅಂತ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಪಿಂಚಣಿ, ಬಸ್ ಪಾಸು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಎಲ್ಲದಕ್ಕೂ ಅದೇ ಬಾಗಿಲು. ಮಾಡಿಸಿ.

ಬಸ್ಸಿನಲ್ಲಿ ವಿಕಲಚೇತನರ ಸೀಟಿನ ಮೇಲೆ ಗಾಲಿಕುರ್ಚಿಯ ಚಿತ್ರ ಇರುತ್ತದೆ. ಆಟಿಸಂ ಇರುವ ಮಗು ಅಲ್ಲಿ ಕೂತರೆ ‘ಕೈಕಾಲು ನೆಟ್ಟಗದಾವಲ್ಲ, ಏಳ್ಸರಿ ಅವನ್ನ’ ಎಂದು ಪಕ್ಕದವರು ಗದರುತ್ತಾರೆ. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಅದೇ ತೊಂದರೆ. ಇದೇ ತೊಂದರೆಗೆ 2016ರಲ್ಲಿ ಲಂಡನ್ ಬಳಿಯ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಒಂದು ಉಪಾಯ ಮಾಡಿದರು. ಹಸಿರು ಪಟ್ಟಿ, ಅದರ ಮೇಲೆ ಹಳದಿ ಸೂರ್ಯಕಾಂತಿ ಹೂಗಳು. ಕಣ್ಣಿಗೆ ಕಾಣದ ವೈಕಲ್ಯ ಇರುವವರು ಬೇಕಾದರೆ ಕೊರಳಿಗೆ ಹಾಕಿಕೊಳ್ಳಬಹುದು. ಯಾವ ವೈಕಲ್ಯ ಎಂದು ಹೇಳಬೇಕಿಲ್ಲ. ಅದನ್ನು ಕಂಡ ಸಿಬ್ಬಂದಿ ಸ್ವಲ್ಪ ಜಾಸ್ತಿ ಸಮಯ ಕೊಡಬೇಕು, ನಿಧಾನವಾಗಿ ಹೇಳಬೇಕು, ಸಾಲಿನಲ್ಲಿ ಅವಸರ ಮಾಡಬಾರದು. ಈಗ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇದು ಇದೆ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಹೊಲದಲ್ಲಿ ಬೆಳೆಯುವ ಅದೇ ಹೂವು.

ನನಗೆ ಸೂರ್ಯಕಾಂತಿ ಇಷ್ಟವಾಗುವುದು ಅದು ನೋಡುವವರಿಗೆ ಕೆಲಸ ಕೊಡುತ್ತದೆ ಎಂಬ ಕಾರಣಕ್ಕೆ. ಪಜಲ್ ನೋಡಿದವರು ಅಯ್ಯೋ ಪಾಪ ಎಂದು ಮುಂದೆ ಹೋಗಬಹುದು. ನೀಲಿ ದೀಪ ನೋಡಿದವರು ಫೋಟೊ ತೆಗೆದು ಮನೆಗೆ ಹೋಗಬಹುದು. ಅನಂತ ಚಿಹ್ನೆಯಂತೂ ಮುಖ್ಯವಾಗಿ ಅದನ್ನು ಧರಿಸಿದವರಿಗಾಗಿ ಇದೆ, ಇರಲೂಬೇಕು. ಸೂರ್ಯಕಾಂತಿ ಮಾತ್ರ ಎದುರಿಗಿರುವವರಿಗೆ ಹೇಳುತ್ತದೆ, ನೀವು ಸ್ವಲ್ಪ ಬದಲಾಗಿ ಅಂತ.

ನಮ್ಮ ಗವಿಮಠದ ಜಾತ್ರೆಯನ್ನೇ ತೆಗೆದುಕೊಳ್ಳಿ. ಜನವರಿಯಲ್ಲಿ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ. ಮಹಾದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಬರುತ್ತದೆ. ಎಲ್ಲರ ಮನೆಯ ಹಬ್ಬ ಅದು. ಆದರೆ ಆಟಿಸಂ ಇರುವ ಮಗುವಿನ ಮನೆಯಲ್ಲಿ ಆ ದಿನ ಒಬ್ಬರು ಮಗುವಿನ ಜೊತೆ ಉಳಿಯುತ್ತಾರೆ. ಹೆಚ್ಚಾಗಿ ತಾಯಿಯೇ. ಮೈಕು, ಪೀಪಿ, ನೂಕುನುಗ್ಗಲು ಆ ಮಗುವಿಗೆ ಆಗುವುದಿಲ್ಲ. ಒಬ್ಬ ತಂದೆ ಬೆಳಗಿನ ಜಾವ, ಇನ್ನೂ ಜನ ಬರುವ ಮುಂಚೆ, ಮಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ದರ್ಶನ ಮಾಡಿಸಿ ಬರುತ್ತಾರೆ. ಆ ಹುಡುಗನಿಗೆ ಮೆಟ್ಟಿಲು ಎಣಿಸುವುದೆಂದರೆ ಬಹಳ ಖುಷಿ. ಬೇಕಾದದ್ದು ದೊಡ್ಡದೇನಲ್ಲ. ಮೈಕ್ ಇಲ್ಲದ ಒಂದು ಕೋಣೆ. ದಾಸೋಹದಲ್ಲಿ ಸಾಲಿಲ್ಲದೆ ಕೂರುವ ಒಂದು ಮೂಲೆ. ಕೊರಳಲ್ಲಿ ಗುರುತು ಇರುವ ಮಗುವಿನ ಕೈ ಹಿಡಿದು ಎಳೆಯಬಾರದು ಎಂದು ತಿಳಿದ ಕೆಲವು ಸ್ವಯಂಸೇವಕರು. ಜಾತ್ರೆಗೆ ಮುಂಚೆ ಜಾಗೃತಿ ಜಾಥಾ ಮಾಡುವ ರೂಢಿ ಇರುವ ಊರು ನಮ್ಮದು. ಇದು ನಮ್ಮಿಂದ ಆಗದ ಕೆಲಸವಲ್ಲ.

ಇನ್ನು ನಾನು ದಿನವೂ ಚೀಲದಲ್ಲಿ ಹೊತ್ತು ತಿರುಗುವ ಗುರುತುಗಳ ಬಗ್ಗೆ. ಇವು ಚಿತ್ರದ ಕಾರ್ಡುಗಳು. ನೀರು, ರೊಟ್ಟಿ, ಬಚ್ಚಲು, ಹೊರಗೆ, ನೋವು. ಮಾತು ಬಾರದ ಮಗು ಕಾರ್ಡನ್ನು ಎತ್ತಿ ಕೊಟ್ಟು ಬೇಕಾದದ್ದನ್ನು ಕೇಳುತ್ತದೆ. ಕಾರ್ಡು ಕೊಟ್ಟರೆ ಮಾತು ಬರುವುದಿಲ್ಲ ಎಂಬ ಭಯ ಬೇಡ, ಮಾತಿಗೆ ಇದು ಅಡ್ಡ ಬರುವುದಿಲ್ಲ. ಮೊಬೈಲಿನಲ್ಲಿ ಇದೇ ಕೆಲಸ ಮಾಡುವ ಆವಾಜ್ ಎಂಬ ಆ್ಯಪ್ ಚೆನ್ನೈನಲ್ಲಿ ತಯಾರಾಗಿದೆ. ಆದರೆ ನಾನು ಹೋಗುವ ಮನೆಗಳಿಗೆ ಕಾಗದದ ಕಾರ್ಡೇ ಅನುಕೂಲ. ಇಷ್ಟೂ ಕಾರ್ಡುಗಳಲ್ಲಿ ನಾನು ಮೊದಲು ಕಲಿಸುವುದು ‘ಸಾಕು’ ಎಂಬ ಕಾರ್ಡು. ಮಗು ಅದನ್ನು ತೋರಿಸಿದ ಕೂಡಲೇ ನಾನು ಪಾಠ ನಿಲ್ಲಿಸುತ್ತೇನೆ. ಇನ್ನೆರಡೇ ಅಕ್ಷರ ಉಳಿದಿದ್ದರೂ ನಿಲ್ಲಿಸುತ್ತೇನೆ. ನಿಲ್ಲಿಸದಿದ್ದರೆ ಆ ಕಾರ್ಡಿಗೆ ಬೆಲೆ ಇಲ್ಲ. ನಾಳೆ ಅದು ಕಾರ್ಡಿನ ಬದಲು ಕೈ ಕಚ್ಚಿಕೊಂಡೇ ಹೇಳುತ್ತದೆ. ಲೋಗೊ ಯಾವುದಿರಬೇಕು ಎಂಬುದಕ್ಕಿಂತ ಮಗು ಎತ್ತಿ ತೋರಿಸಿದ ಗುರುತಿಗೆ ನಾವು ಕಿವಿಗೊಡುತ್ತೇವಾ ಎಂಬುದು ನನಗೆ ಮುಖ್ಯ.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಶಿಕ್ಷಕರು ಕೇಳಿದರು: ಕಿನ್ನಾಳ ಇಲ್ಲೇ ಪಕ್ಕದಲ್ಲಿದೆ, ಅಲ್ಲಿಯ ಚಿತ್ರಗಾರರ ಕೈಯಲ್ಲಿ ನಮ್ಮದೇ ಒಂದು ಆಟಿಸಂ ಗುರುತು ಮಾಡಿಸಬಾರದೇಕೆ?

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಆದರೆ ಲೋಗೊ ಬೇಡ, ಕಾರ್ಡು ಮಾಡಿಸೋಣ ಎಂದೆ. ಕಾಗದದ ಕಾರ್ಡು ಒಂದೇ ತಿಂಗಳಲ್ಲಿ ಹರಿಯುತ್ತದೆ, ಜೊಲ್ಲಿಗೆ ನೆನೆಯುತ್ತದೆ. ಕಿನ್ನಾಳದ ಗೊಂಬೆಗೆ ಬಳಸುವ ಹಗುರ ಮರದಲ್ಲಿ ಅಂಗೈ ಅಗಲದ ತುಂಡುಗಳನ್ನು ಮಾಡಿ, ಹುಣಸೆಬೀಜದ ಅಂಟಿನಲ್ಲಿ ಮೈ ಕಟ್ಟಿ, ಅದರ ಮೇಲೆ ರೊಟ್ಟಿ, ತಂಬಿಗೆ, ಎಮ್ಮೆ, ಅಜ್ಜಿ ಬರೆದರೆ ಎಷ್ಟು ಚೆನ್ನ. ಮಕ್ಕಳು ಬಾಯಿಗೆ ಹಾಕುತ್ತಾರೆ, ಹಾಗಾಗಿ ಬಣ್ಣ ಸೀಸವಿಲ್ಲದ್ದೇ ಆಗಬೇಕು. ಮೂಲೆಗಳನ್ನು ದುಂಡಗೆ ಉಜ್ಜಬೇಕು. ಯಾವ ಚಿತ್ರ ಬೇಕು ಎಂಬ ಪಟ್ಟಿಯನ್ನು ನಾವು ದೊಡ್ಡವರು ಕೂತು ಬರೆಯುವುದು ಬೇಡ. ಪ್ರತಿ ಮನೆಯಲ್ಲೂ ಮಗು ಯಾವುದರ ಹತ್ತಿರ ಹೋಗುತ್ತದೆ, ಯಾವುದರಿಂದ ಓಡುತ್ತದೆ ಎಂದು ಒಂದು ವಾರ ನೋಡಿ ಬರೆದುಕೊಳ್ಳಿ. ಆ ಪಟ್ಟಿ ನನಗೆ ಕೊಡಿ. ‘ಸಾಕು’ ಕಾರ್ಡಿಗೆ ಯಾವ ಚಿತ್ರ ಇರಬೇಕೆಂದು ಶಾಲಾ ಸಿದ್ಧತಾ ಕೇಂದ್ರಕ್ಕೆ ಬರುವ ಮಕ್ಕಳನ್ನೇ ಕೇಳೋಣ. ಮೂರು ನಾಲ್ಕು ಮಾದರಿ ಮುಂದಿಟ್ಟು, ಅವರು ಯಾವುದಕ್ಕೆ ಕೈ ಹಾಕುತ್ತಾರೋ ಅದನ್ನು ಮಾಡಿಸೋಣ.